ಹಾಸನದ ಮೀಟಿಂಗಲ್ಲಿ ಕೊಂಡ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್, 1,890 ರೂಪಾಯಿ, ನನ್ನ ಕಡೆಯಿಂದ 5ಕ್ಕೆ 2

ಕಂಪನಿ ಹೆಸ್ರು ಹಾಕ್ತಿಲ್ಲ, ಕೇಳ್ಬೇಡಿ. ಇದೇ ಆರು ಸಾಮಾನಿಗೆ ಬೇರೆ ಬೇರೆ ಲೇಬಲ್ ಅಂಟಿಸಿ ಮಾರೋರು ಹಾಸನದಲ್ಲೂ ಇದಾರೆ, ನಮ್ಮ ಚಿಕ್ಕಮಗಳೂರಲ್ಲೂ ಇದಾರೆ, ಒಬ್ರ ಹೆಸ್ರು ಹೇಳಿದ್ರೆ ಉಳಿದೋರೆಲ್ಲ ಸಾಚಾ ಅಂದಂಗೆ ಆಗತ್ತೆ. ಸಾಮಾನಿನ ಬಗ್ಗೆನೇ ಮಾತಾಡೋಣ.

ಡಬ್ಬಿಲಿ 60 ಕ್ಯಾಪ್ಸೂಲ್, ದಿನಕ್ಕೆ ಎರಡು, ಅಲ್ಲಿಗೆ ತಿಂಗಳಿಗೆ ಒಂದು ಡಬ್ಬಿ. ನೋಡಕ್ಕೆ ಚೆನ್ನಾಗಿದೆ ಕಣ್ರೀ, ಕಡು ಹಸಿರು ಬಣ್ಣ, ಮುಚ್ಚಳದ ಕೆಳಗೆ ಸೀಲ್ ಗಟ್ಟಿಯಾಗಿದೆ, ಒಳಗೆ ತೇವ ಎಳ್ಕೊಳ್ಳೋ ಪುಟ್ಟ ಪೊಟ್ಟಣ ಹಾಕಿದಾರೆ, ಕ್ಯಾಪ್ಸೂಲಿನ ಸಿಪ್ಪೆನೂ ವೆಜ್ ಅಂತೆ, ಹಸಿರು ಚುಕ್ಕಿ ಇದೆ. ಒಳಗಿರೋದು ಏನಪ್ಪಾ ಅಂದ್ರೆ ಹಸಿ ಕಾಫಿ ಬೀಜದ ಸಾರ, ಗ್ರೀನ್ ಟೀ ಸಾರ, ಅರಿಶಿನದಿಂದ ತೆಗೆದ ಕರ್ಕ್ಯುಮಿನ್, ನೆಲ್ಲಿಕಾಯಿ, ದ್ರಾಕ್ಷಿ ಬೀಜ, ಕಾಳುಮೆಣಸಿನ ಪೈಪರಿನ್, ಜೊತೆಗೆ ಒಂದಿಷ್ಟು ವಿಟಮಿನ್ ಸಿ. ಓದ್ತಾ ಓದ್ತಾ ನಂಗೆ ನಗು ಬಂತು. ಆಲ್ದೂರು ಕಡೆ ನಮ್ದೊಂದು ಸಣ್ಣ ತೋಟ ಇದೆ, ಕಾಫಿ ಇದೆ, ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ಮನೆ ಹಿಂದೆ ಅರಿಶಿನ ಇದೆ, ಬೇಲಿ ಪಕ್ಕ ನೆಲ್ಲಿ ಮರ ಇದೆ. ಬಾಬಾ ಬುಡನ್ ಏಳು ಬೀಜ ತಂದ ಕಥೆ ಕೇಳ್ಕೊಂಡು ಬೆಳೆದೋರಿಗೆ ಹಸಿ ಕಾಫಿ ಬೀಜನ ಪವಾಡ ಅಂತ ಮಾರ್ತಾರಲ್ಲ, ಆ ಧೈರ್ಯಕ್ಕೇ ಅರ್ಧ ಸ್ಟಾರ್ ಕೊಡ್ಬೋದು. 50 ಕೆಜಿ ಮೂಟೆ ಲೆಕ್ಕದಲ್ಲಿ ನಾವು ಮಾರೋದನ್ನ ಮಿಲಿಗ್ರಾಂ ಲೆಕ್ಕದಲ್ಲಿ ವಾಪಸ್ ಕೊಂಡ್ಕೊಳ್ತಿದೀವಿ.

ಇದು ಮೆಡಿಕಲ್ ಶಾಪಲ್ಲಿ ಸಿಗಲ್ಲ, ಜನದ ಮೂಲಕಾನೇ ಬರ್ಬೇಕು. ಹಾಸನದಲ್ಲಿರೋ ನಮ್ಮ ಓರಗಿತ್ತಿ "ಅಕ್ಕಾ ಒಂದ್ಸಲ ಬಂದು ನೋಡಿ, ಇಷ್ಟ ಆದ್ರೆ ತಗೊಳ್ಳಿ, ಬಲವಂತ ಇಲ್ಲ" ಅಂತ ಬಿ.ಎಂ. ರಸ್ತೆ ಕಡೆ ಒಂದು ಹಾಲಿಗೆ ಕರ್ಕೊಂಡೋದ್ಲು. ಟೈ ಕಟ್ಕೊಂಡ ಒಬ್ರು ಸ್ಟೇಜ್ ಮೇಲೆ ಗಾಜಿನ ಲೋಟದಲ್ಲಿ ನೀರು ಇಟ್ಕೊಂಡು, ಗಾಯಕ್ಕೆ ಹಚ್ಚೋ ಅಯೋಡಿನ್ ಲೋಷನ್ ನಾಕು ಹನಿ ಬಿಟ್ರು, ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗ್ತು. "ಇದು ನಿಮ್ಮ ರಕ್ತ, ಈ ಬಣ್ಣ ಇದ್ಯಲ್ಲ ಇದೇ ಫ್ರೀ ರಾಡಿಕಲ್" ಅಂದ್ರು. ಫ್ರೀ ರಾಡಿಕಲ್ ಅಂದ್ರೆ ಮೈಯೊಳಗೇ ಹುಟ್ಟಿ ಜೀವಕೋಶ ಕೆಡಿಸೋ ಚುರುಕು ಕಣ, ಅದನ್ನ ತಣಿಸೋ ವಸ್ತುಗೇ ಆಂಟಿಆಕ್ಸಿಡೆಂಟ್ ಅನ್ನೋದು. ಆಮೇಲೆ ಕ್ಯಾಪ್ಸೂಲ್ ಬಿಚ್ಚಿ ಪುಡಿ ಸುರಿದು ಚಮಚದಲ್ಲಿ ಆಡಿಸಿದ್ರೆ ಆ ಕಂದು ಬಣ್ಣ ಮಾಯ, ಅರಿಶಿನದ ತೆಳು ಹಳದಿ ಮಾತ್ರ ಉಳೀತು. ಹಾಲ್ ತುಂಬ ಚಪ್ಪಾಳೆ. ನನ್ನ ಪಕ್ಕ ಕೂತಿದ್ದ ಅಜ್ಜಿ ಕೈ ಮುಗಿದ್ರು, ಸುಳ್ಳಲ್ಲ.

ಈ ಆಟ ಬಹಳ ಹಳೇದು, ನೀವೂ ಎಲ್ಲಾದ್ರೂ ನೋಡಿರ್ತೀರ. ಮನೆಗೆ ಬಂದು ಅದೇ ಲೋಷನ್ ಹಾಕಿದ ನೀರಿಗೆ ನಾನು ನಿಂಬೆಹಣ್ಣು ಹಿಂಡಿದೆ, ಬಣ್ಣ ಹೋಯ್ತು. ನೆಲ್ಲಿಕಾಯಿ ರಸ ಬಿಟ್ಟೆ, ಅದಕ್ಕೂ ಹೋಯ್ತು. ಅಲ್ಲಿ ನಡೆಯೋದಿಷ್ಟೇ, ವಿಟಮಿನ್ ಸಿ ಅಯೋಡಿನ್‌ಗೆ ಎಲೆಕ್ಟ್ರಾನ್ ಕೊಡತ್ತೆ, ಅಯೋಡಿನ್ ಹೋಗಿ ಅಯೋಡೈಡ್ ಆಗತ್ತೆ, ಅಯೋಡೈಡ್‌ಗೆ ಬಣ್ಣ ಇಲ್ಲ. ಅಯೋಡಿನ್ ಎಲ್ಲೂ ಓಡೋಗಿಲ್ಲ, ಲೋಟದಲ್ಲೇ ಇದೆ, ರೂಪ ಬದಲಾಗಿದೆ. ಹೈಸ್ಕೂಲ್ ಕೆಮಿಸ್ಟ್ರಿ ಲ್ಯಾಬಿನ ಪ್ರಯೋಗ ಇದು. ನಮ್ ರಕ್ತದಲ್ಲಿ ಅಯೋಡಿನ್ ಲೋಷನ್ ಓಡಾಡ್ತಿಲ್ಲ, ಕ್ಯಾಪ್ಸೂಲಿನ ಪುಡಿನೂ ಹಂಗೇ ನೆಟ್ಟಗೆ ರಕ್ತಕ್ಕೆ ಇಳಿಯಲ್ಲ, ಹೊಟ್ಟೆ ದಾಟಬೇಕು, ಕರುಳು ದಾಟಬೇಕು, ಲಿವರ್ ಕೈಗೆ ಸಿಗ್ಬೇಕು, ಅಷ್ಟರಲ್ಲಿ ಬಹುಪಾಲು ಬೇರೆ ಏನೋ ಆಗಿರತ್ತೆ. ಪ್ರನಾಳದಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿ ಅಳೆದು ಓರಾಕ್ ಅಂತ ನಂಬರ್ ಕೊಡೋ ಪದ್ಧತಿ ಒಂದಿತ್ತು, ಈ ಮೀಟಿಂಗಲ್ಲೂ ಒಂದು ದೊಡ್ಡ ನಂಬರ್ ತೋರಿಸಿದ್ರು. ಅಮೆರಿಕದ ಕೃಷಿ ಇಲಾಖೆ ಆ ಪಟ್ಟಿನ 2012ರಲ್ಲೇ ತನ್ನ ವೆಬ್‌ಸೈಟಿಂದ ತೆಗೆದಾಕಿದೆ, ಆ ನಂಬರಿಗೂ ಮನುಷ್ಯರ ಆರೋಗ್ಯಕ್ಕೂ ನೇರ ಸಂಬಂಧ ಇಲ್ಲ, ಸಪ್ಲಿಮೆಂಟ್ ಮಾರೋರು ದುರುಪಯೋಗ ಮಾಡ್ಕೊಳ್ತಿದಾರೆ ಅಂತಾನೇ ಕಾರಣ ಕೊಟ್ಟು. ಹಾಸನದ ಸ್ಟೇಜಿಗೆ ಆ ಸುದ್ದಿ ಇನ್ನೂ ಬಂದಿಲ್ಲ.

ಆದ್ರೆ ಡೆಮೊ ನಾಟಕ ಅಂದ ಮಾತ್ರಕ್ಕೆ ಆಂಟಿಆಕ್ಸಿಡೆಂಟ್ ಅನ್ನೋದೇ ಬೊಗಳೆ ಅಂತಲ್ಲ. ಫ್ರೀ ರಾಡಿಕಲ್‌ಗಳು ಜೀವಕೋಶಕ್ಕೆ ಹಾನಿ ಮಾಡ್ತಾವೆ, ಅದರಿಂದಾನೇ ಮುಪ್ಪು ಬರತ್ತೆ ಅನ್ನೋ ವಾದನ ಡೆನ್ಹಮ್ ಹಾರ್ಮನ್ ಅನ್ನೋ ವಿಜ್ಞಾನಿ 1956ರಲ್ಲೇ ಮುಂದಿಟ್ರು, ಅದರಲ್ಲಿ ಹುರುಳಿದೆ. ತೊಂದ್ರೆ ಏನಂದ್ರೆ ದೇಹಕ್ಕೆ ಅವು ಬೇಕು ಕೂಡ. ರೋಗಾಣು ಬಂದಾಗ ನಮ್ಮ ಬಿಳಿ ರಕ್ತಕಣ ಅದನ್ನ ಕೊಲ್ಲೋದೇ ಇವುಗಳನ್ನ ಉಗುಳಿ. ಬೆಳಿಗ್ಗೆ ರತ್ನಗಿರಿ ಬೋರೆಗೆ ವಾಕಿಂಗ್ ಹೋಗಿ ಉಸಿರು ಬಿಡ್ತೀವಲ್ಲ, ಆಗ ಸ್ನಾಯುಗಳಲ್ಲಿ ಇವು ಜಾಸ್ತಿ ಹುಟ್ಟತ್ವೆ, ಆ ಸೂಚನೆ ಸಿಕ್ಕಿದ್ರೇನೇ ದೇಹ ತನ್ನ ಸ್ವಂತ ರಕ್ಷಣೆನ ಬಲ ಮಾಡ್ಕೊಳ್ಳೋದು. ಜರ್ಮನಿಲಿ 2009ರಲ್ಲಿ ಬಂದ ಒಂದು ಸ್ಟಡಿಲಿ ಎಕ್ಸರ್ಸೈಜ್ ಮಾಡೋ ಯುವಕರಿಗೆ ದಿನಾ 1,000 ಮಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ಕೊಟ್ಟು ನೋಡಿದ್ರು, ಮಾತ್ರೆ ತಗೊಂಡೋರಿಗೆ ಎಕ್ಸರ್ಸೈಜಿಂದ ಇನ್ಸುಲಿನ್ ಕೆಲಸ ಸುಧಾರಿಸೋ ಲಾಭನೇ ಸಿಗ್ಲಿಲ್ಲ, ತಗೊಳ್ದೇ ಇದ್ದೋರಿಗೆ ಸಿಕ್ತು. ಶುಗರ್ ಬಾರದಿರ್ಲಿ ಅಂತ ಬೋರೆ ಹತ್ತೋದು, ಇಳಿದು ಬಂದು ಅದೇ ಉದ್ದೇಶಕ್ಕೆ ಮಾತ್ರೆ ನುಂಗೋದು, ಒಂದನ್ನೊಂದು ಕಡಿಯತ್ತೆ ಅಂದ್ರೆ ಏನ್ ಹೇಳ್ತೀರ.

ಇದಕ್ಕಿಂತ ದೊಡ್ಡ ಪೆಟ್ಟು ಬೀಟಾ ಕ್ಯಾರೋಟಿನ್ ಕಥೇಲಿ ಇದೆ. ಕ್ಯಾರೆಟ್, ಸೊಪ್ಪು ಜಾಸ್ತಿ ತಿನ್ನೋರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಮೊದಲಿಂದ ಕಾಣ್ತಿತ್ತು, ಸರಿ ಹಂಗಾದ್ರೆ ಅದರಲ್ಲಿರೋ ಬೀಟಾ ಕ್ಯಾರೋಟಿನ್ನೇ ಮಾತ್ರೆ ಮಾಡಿ ಕೊಡೋಣ ಅಂತ ಫಿನ್ಲೆಂಡಲ್ಲಿ ಸಿಗರೇಟ್ ಸೇದೋ 29,133 ಗಂಡಸರ ಮೇಲೆ ಪರೀಕ್ಷೆ ಮಾಡಿದ್ರು, ದಿನಕ್ಕೆ 20 ಮಿಗ್ರಾಂ. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಗೊಂಡೋರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗೋದಿರ್ಲಿ 18 ಪರ್ಸೆಂಟ್ ಜಾಸ್ತಿ ಆಗಿತ್ತು. ಅಮೆರಿಕದಲ್ಲಿ ಕ್ಯಾರೆಟ್ ಅನ್ನೋ ಹೆಸರಿನದೇ ಇನ್ನೊಂದು ದೊಡ್ಡ ಪರೀಕ್ಷೆಲಿ 28 ಪರ್ಸೆಂಟ್ ಜಾಸ್ತಿ ಕಂಡು 1996ರಲ್ಲಿ ಅದನ್ನ 21 ತಿಂಗಳು ಮೊದಲೇ ನಿಲ್ಲಿಸ್ಬೇಕಾಯ್ತು. 2012ರಲ್ಲಿ, ವೈದ್ಯಕೀಯ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆ 78 ಪರೀಕ್ಷೆಗಳನ್ನ, ಹತ್ತಿರ ಹತ್ತಿರ 3 ಲಕ್ಷ ಜನರ ಲೆಕ್ಕನ ಒಟ್ಟಿಗೆ ಹಾಕಿ ನೋಡಿದಾಗ್ಲೂ ಆಂಟಿಆಕ್ಸಿಡೆಂಟ್ ಮಾತ್ರೆಯಿಂದ ಆಯಸ್ಸು ಹೆಚ್ಚೋದು ಕಾಣ್ಲಿಲ್ಲ, ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಇ ತಗೊಂಡೋರಲ್ಲಿ ಸಾವು ಸ್ವಲ್ಪ ಹೆಚ್ಚೇ ಇರೋ ಹಾಗೆ ಕಾಣ್ತು. ಕ್ಯಾರೆಟ್ ತಿಂದೋರಿಗೆ ಏನೂ ಆಗಿಲ್ಲ, ನೆನಪಿರ್ಲಿ. ತರಕಾರಿಲಿ ಸಾವಿರ ವಸ್ತು ಒಟ್ಟಿಗೆ ಇರ್ತಾವೆ, ಅದರಲ್ಲಿ ಒಂದನ್ನ ಹೆಕ್ಕಿ ಹತ್ತು ಪಟ್ಟು ಮಾಡಿ ಕೊಟ್ರೆ ಅದು ಬೇರೆಯದೇ ಪದಾರ್ಥ. "ನ್ಯಾಚುರಲ್ ಮೇಡಂ, ಸೈಡ್ ಎಫೆಕ್ಟೇ ಇಲ್ಲ" ಅನ್ನೋ ಮಾತು ಬಿದ್ದೋಗೋದು ಇಲ್ಲೇ.

ಇನ್ನು ಡಬ್ಬಿಯೊಳಗಿನ ಒಂದೊಂದೇ ಸಾಮಾನಿಗೆ ಬರ್ತೀನಿ. ಹಸಿ ಕಾಫಿ ಬೀಜದಲ್ಲಿ ಕ್ಲೋರೋಜೆನಿಕ್ ಆಸಿಡ್ ಅಂತ ಇರತ್ತೆ, ಅರೇಬಿಕಾಗಿಂತ ರೋಬಸ್ಟಾದಲ್ಲಿ ಜಾಸ್ತಿ, ಹುರಿದಷ್ಟೂ ಕಡಿಮೆ ಆಗತ್ತೆ, ಅದಕ್ಕೇ ಹಸಿ ಬೀಜದ ಸಾರ ತೆಗೆಯೋದು. ಇದು ತಿಂದ್ರೆ ತೂಕ ಇಳಿಯತ್ತೆ ಅಂತ ಸ್ಟೇಜಲ್ಲಿ ಬಹಳ ಹೇಳಿದ್ರು. ಆ ಮಾತಿನ ಬೇರು ಎಲ್ಲಿದೆ ಗೊತ್ತಾ, 2012ರಲ್ಲಿ ಬಂದ ಒಂದು ಸ್ಟಡಿಲಿ, ಅದೂ ನಮ್ಮ ಭಾರತದಲ್ಲೇ ಬರೀ 16 ಜನರ ಮೇಲೆ ಮಾಡಿದ್ದು. ಅಮೆರಿಕದ ಟೀವಿ ಡಾಕ್ಟರೊಬ್ರು ಅದನ್ನ ಎತ್ತಾಡಿಸಿದ್ಮೇಲೆ ಪ್ರಪಂಚವೆಲ್ಲ ಗ್ರೀನ್ ಕಾಫಿ ಗ್ರೀನ್ ಕಾಫಿ ಅಂತ ಕುಣೀತು. ಆಮೇಲೆ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ ವಿಚಾರಣೆ ಮಾಡಿದ್ರೆ ತೂಕದ ಅಂಕಿಗಳನ್ನೇ ತಿದ್ದಿದಾರೆ, ಯಾರಿಗೆ ನಿಜವಾದ ಮಾತ್ರೆ ಯಾರಿಗೆ ಖಾಲಿ ಮಾತ್ರೆ ಅನ್ನೋದೇ ಕಲಸುಮೇಲೋಗರ. 2014ರಲ್ಲಿ ಆ ಸ್ಟಡಿ ವಾಪಸ್ ತಗೊಂಡ್ರು, ದುಡ್ಡು ಹಾಕಿ ಅದನ್ನ ಮಾಡಿಸಿದ್ದ ಕಂಪನಿ 35 ಲಕ್ಷ ಡಾಲರ್ ಕಟ್ಟಿ ಕೇಸ್ ಮುಗಿಸ್ತು. ಹತ್ತು ವರ್ಷ ಮೇಲಾದ್ರೂ ಆ ಮಾತು ಮಾತ್ರ ಬಿ.ಎಂ. ರಸ್ತೇಲಿ ಇನ್ನೂ ಓಡ್ತಿದೆ. ಅಂದಹಾಗೆ ಹುರಿದು ಮಾಡಿದ ಒಂದು ಲೋಟ ಕಾಫಿಲೂ 70ರಿಂದ 350 ಮಿಗ್ರಾಂ ತನಕ ಕ್ಲೋರೋಜೆನಿಕ್ ಆಸಿಡ್ ಉಳಿದಿರತ್ತೆ, ಚಿಕೋರಿ ಎಷ್ಟು ಸೇರಿಸಿದೀರ ಅನ್ನೋದರ ಮೇಲೆ ಅದು ಇನ್ನೂ ಕಡಿಮೆ, ಆ ಜಗಳ ಇನ್ನೊಂದ್ಸಲ ಆಡೋಣ.

ಗ್ರೀನ್ ಟೀ ಸಾರ ಇದ್ಯಲ್ಲ, ಈ ಡಬ್ಬಿಲಿ ನಂಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಅದರದ್ದೇ. ಟೀ ಕುಡಿಯೋದಕ್ಕೆ ಏನೂ ತೊಂದ್ರೆ ಇಲ್ಲ. ಸಾರ ಮಾಡಿದಾಗ ಅದರಲ್ಲಿರೋ ಇಜಿಸಿಜಿ ಅನ್ನೋ ವಸ್ತು ಗಟ್ಟಿಯಾಗ್ಬಿಡತ್ತೆ. ದಿನಕ್ಕೆ 800 ಮಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ಸಪ್ಲಿಮೆಂಟ್ ಆಗಿ ತಗೊಂಡ್ರೆ ಲಿವರ್ ಎನ್ಜೈಮ್ ಏರೋದು, ಅಂದ್ರೆ ಲಿವರ್‌ಗೆ ಪೆಟ್ಟು ಬಿದ್ದಿರೋ ಗುರುತು, ಕಂಡಿದೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳ್ತು, 2022ರಲ್ಲಿ ಅಲ್ಲಿ ಕಾನೂನೇ ಬಂತು, ದಿನಕ್ಕೆ 800ರ ಒಳಗಿರ್ಬೇಕು ಮತ್ತು ಖಾಲಿ ಹೊಟ್ಟೆಲಿ ತಗೋಬೇಡಿ ಅಂತ ಲೇಬಲ್ ಮೇಲೆ ಬರೀಬೇಕು. ಖಾಲಿ ಹೊಟ್ಟೆಲಿ ಅದು ರಕ್ತಕ್ಕೆ ಜಾಸ್ತಿ ಹೀರ್ಕೊಳ್ಳತ್ತೆ, ಅದಕ್ಕೆ. ನಮ್ಮ ಟೈ ಸಾರ್ ಏನಂದಿದ್ರು ಗೊತ್ತಾ, "ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಬಿಸಿನೀರಲ್ಲಿ ತಗೊಂಡ್ರೆ ಡಬಲ್ ರಿಸಲ್ಟ್."

ಅರಿಶಿನ ಮೆಣಸಿನ ಜೋಡಿ ಸ್ವಲ್ಪ ಮಜವಾದ ವಿಷಯ. ಕರ್ಕ್ಯುಮಿನ್ ಸುಲಭಕ್ಕೆ ಮೈಗೆ ಹಿಡಿಯಲ್ಲ, ಹೋದ ದಾರಿಲೇ ಹೊರಗೆ ಹೋಗತ್ತೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನೋರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಗ್ರಾಂ ಪೈಪರಿನ್ ಕೊಟ್ಟು ನೋಡಿದಾಗ ಹೀರಿಕೆ 2,000 ಪರ್ಸೆಂಟ್ ಹೆಚ್ಚಾಯ್ತು. ಪ್ರಪಂಚದ ಅರ್ಧ ಅರಿಶಿನ ಕ್ಯಾಪ್ಸೂಲುಗಳ ಮೇಲೆ ಕಾಣೋ ಆ 2,000 ಅನ್ನೋ ನಂಬರ್ ನಮ್ ರಾಜ್ಯದ್ದೇ. ಆದ್ರೆ ಮೆಣಸು ಈ ಕೆಲಸ ಮಾಡೋದು ಹೇಗೆ ಅಂತ ಯಾರೂ ಹೇಳಲ್ಲ, ಲಿವರ್ ಮತ್ತು ಕರುಳು ವಸ್ತುಗಳನ್ನ ಒಡೆದು ಹೊರಗೆ ಹಾಕೋ ಕೆಲಸನ ಅದು ನಿಧಾನ ಮಾಡತ್ತೆ. ಅಲ್ಲಿಗೆ ಕರ್ಕ್ಯುಮಿನ್ ಒಂದೇ ಅಲ್ಲ, ನೀವು ನುಂಗೋ ಬೇರೆ ಮಾತ್ರೆಗಳೂ ರಕ್ತದಲ್ಲಿ ಹೆಚ್ಚು ಉಳಿಯಬಹುದು, ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಬಿಪಿಗೆ ಕೊಡೋ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್, ಇವುಗಳಲ್ಲಿ ಇದು ಕಂಡಿದೆ. ಸಾರಿಗೆ ಹಾಕೋ ಮೆಣಸಿಗೆ ಹೆದರ್ಬೇಕಿಲ್ಲ, ದಿನಾ ತಪ್ಪದೆ ಶುದ್ಧ ಪೈಪರಿನ್ ನುಂಗೋದು ಬೇರೆ ಲೆಕ್ಕ.

ಅರಿಶಿನದ ಲೆಕ್ಕನೂ ಅಷ್ಟೇ. ಒಂದು ಟೀ ಚಮಚ ಪುಡಿ ಅಂದ್ರೆ ಸುಮಾರು 3 ಗ್ರಾಂ, ಅದರಲ್ಲಿ ಕರ್ಕ್ಯುಮಿನ್ 90 ಮಿಗ್ರಾಂ ಆಸುಪಾಸು. ಸಾರು ಪಲ್ಯ ಎರಡಕ್ಕೂ ಸೇರಿ ಮನೆ ಮಂದಿಗೆಲ್ಲ ನಾವು ಅಷ್ಟು ಹಾಕ್ತೀವೋ ಇಲ್ವೋ. ಅಂಗಡೀಲಿ ಸಿಗೋ 500 ಮಿಗ್ರಾಂ, 95 ಪರ್ಸೆಂಟಿನ ಕ್ಯಾಪ್ಸೂಲ್ ಒಂದು ನುಂಗಿದ್ರೆ ಐದು ಚಮಚ ಅರಿಶಿನ ಒಬ್ಬರೇ ತಿಂದಂಗೆ. ಅಂತರರಾಷ್ಟ್ರೀಯ ತಜ್ಞರ ಸಮಿತಿ ಕರ್ಕ್ಯುಮಿನ್‌ಗೆ ಹಾಕಿರೋ ಮಿತಿ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 3 ಮಿಗ್ರಾಂ, 60 ಕೆಜಿ ಇರೋರಿಗೆ 180. ಅಮೆರಿಕದಲ್ಲಿ ಔಷಧಿಯಿಂದಾಗೋ ಲಿವರ್ ಹಾನಿನ ಲೆಕ್ಕ ಇಡೋ ಡಾಕ್ಟರ ತಂಡ 2022ರಲ್ಲಿ ಅರಿಶಿನ ಸಪ್ಲಿಮೆಂಟಿನ 10 ಕೇಸ್ ವಿವರವಾಗಿ ಬರೀತು, 5 ಜನ ಆಸ್ಪತ್ರೆ ಸೇರಿದ್ರು, ಒಬ್ರು ತೀರ್ಕೊಂಡ್ರು. ಕೋಟಿಗಟ್ಟಲೆ ಜನ ತಿಂತಾರೆ, ಅದರಲ್ಲಿ ಹತ್ತು ಅಂದ್ರೆ ಅಪರೂಪವೇ, ಒಪ್ತೀನಿ, ಕೆಲವರ ಜೀನ್‌ನಲ್ಲೇ ಅದಕ್ಕೆ ದಾರಿ ಇರತ್ತಂತೆ. ಆದ್ರೆ ನಮ್ ಜೀನ್ ಯಾವ್ದು ಅಂತ ನಮಗೇನ್ ಗೊತ್ತಿರತ್ತೆ. ಕೊರೊನಾ ಟೈಮಲ್ಲಿ ಅಮೃತಬಳ್ಳಿ ಬಗ್ಗೆನೂ ಇದೇ ಆಗಿತ್ತು, ಮುಂಬೈ ಡಾಕ್ಟರುಗಳು 2021ರಲ್ಲಿ ಲಿವರ್ ಹಾನಿಯ ಕೇಸ್ ಬರೆದ್ರು, ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ಬೇರೆ ಜಾತಿ ಬಳ್ಳಿ ಇರ್ಬೋದು ಅಂದ್ರು. ಬಳ್ಳಿ ಗುರುತೇ ಅಷ್ಟು ಕಷ್ಟ ಅಂದ್ರೆ ಪುಡಿ ಮಾಡಿದ್ಮೇಲೆ ಡಬ್ಬಿಲಿ ಯಾವ್ದಿದೆ ಅಂತ ನಾವು ಹೇಗೆ ಗುರ್ತು ಹಿಡಿಯೋದು.

ನಮ್ಮ ಮಲೆನಾಡಿನ ಉಪ್ಪಾಗೆನೂ ಈ ಸಾಲಿಗೇ ಸೇರತ್ತೆ. ಸಾರಿಗೆ ಹುಳಿ ಬಿಡೋವಾಗ ಅದು ಪಾಪದ್ದು, ಗಾರ್ಸಿನಿಯಾ ಕಾಂಬೋಜಿಯಾ ಅಂತ ಹೆಸರಿಟ್ಕೊಂಡು ತೂಕ ಇಳಿಸೋ ಮಾತ್ರೆ ಆದ ಮೇಲೆ ಅದರಿಂದಾನೂ ಲಿವರ್ ಕೆಟ್ಟ ಕೇಸುಗಳು ಬಂದಿದಾವೆ.

ನನ್ನ ಅನುಭವ ಅಂತ ಹೇಳೋದಾದ್ರೆ, ನಾನು ಖಾಲಿ ಹೊಟ್ಟೆಲಿ ತಗೊಳ್ಳಿಲ್ಲ, ತಿಂಡಿ ಆದ್ಮೇಲೆ ಒಂದು, ಸಂಜೆ ಒಂದು. ಎದೆ ಉರಿ ಬಂತು, ಹುಳಿ ತೇಗು. ಅದಕ್ಕಿಂತ ರಾತ್ರಿ ನಿದ್ದೆನೇ ಇಲ್ಲ, ಹನ್ನೆರಡು ಗಂಟೆಗೆ ಕಣ್ಣು ಬಿಟ್ಕೊಂಡು ಫ್ಯಾನ್ ನೋಡ್ತಾ ಮಲ್ಗಿದೀನಿ. ಯೋಚನೆ ಮಾಡಿದ್ರೆ ಗೊತ್ತಾಯ್ತು, ಹಸಿ ಕಾಫಿಲೂ ಕೆಫೀನ್, ಗ್ರೀನ್ ಟೀಲೂ ಕೆಫೀನ್, ಲೇಬಲಲ್ಲಿ ಮಾತ್ರ ಕೆಫೀನ್ ಅನ್ನೋ ಮಾತೇ ಇಲ್ಲ. ಸಂಜೆದು ಬಿಟ್ಟೆ, ನಿದ್ದೆ ಬಂತು. "ತಗೊಂಡ ಮೇಲೆ ಎನರ್ಜಿ ಬರತ್ತೆ" ಅಂತ ಹಾಲಲ್ಲಿ ಎಲ್ಲರೂ ಸಾಕ್ಷಿ ಹೇಳ್ತಿದ್ರಲ್ಲ, ಅದರ ಗುಟ್ಟೂ ಬಹುಶಃ ಇದೇ. ಮುಖಕ್ಕೆ ಗ್ಲೋ ಬಂತಾ ಅಂತ ಕೇಳೋರಿಗೆ, ನನ್ನ ಗಂಡ "ಇಲ್ಲ" ಅಂದ್ರು, ಅವರ ಮಾತು ಬಿಡಿ, ನಂಗೂ ಕಾಣ್ಲಿಲ್ಲ. ಮಂಡಿ ನೋವಲ್ಲಿ ಏನೋ ಒಂಚೂರು ಹಗುರ ಅನ್ನಿಸ್ತು, ಆದ್ರೆ ಅದೇ ಟೈಮಲ್ಲಿ ಕುಯ್ಲು ಮುಗಿದು ಕಣದ ಕೆಲಸನೂ ನಿಂತಿತ್ತು, ಯಾವುದರಿಂದ ಅಂತ ಹೇಳೋದು.

ಮಾವನೋರ ವಿಷಯಕ್ಕೆ ಬಂದ್ರೆ ಮಾತ್ರ ನಗು ಬರಲ್ಲ. ಅವರಿಗೆ ಹಾರ್ಟ್ ವಾಲ್ವ್ ಆಪರೇಷನ್ ಆಗಿದೆ, ರಕ್ತ ಹೆಪ್ಪುಗಟ್ಟದಂಗೆ ವಾರ್ಫರಿನ್ ತಗೊಳ್ತಾರೆ, ರಕ್ತ ಹೆಪ್ಪುಗಟ್ಟಕ್ಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ನೋಡೋ ಐಎನ್‌ಆರ್ ಟೆಸ್ಟ್ ಆಗಾಗ ಮಾಡಿಸ್ತೀವಿ. ಓರಗಿತ್ತಿ ಅವರಿಗೂ ಅಂತಾನೇ ಎರಡನೇ ಡಬ್ಬಿ ಕೊಡಿಸಿದ್ಲು, "ಅಕ್ಕಾ ಹಾರ್ಟ್‌ಗೆ ಬಹಳ ಒಳ್ಳೇದಂತೆ." ಮಾತ್ರೆ ತರಕ್ಕೆ ಐ.ಜಿ. ರಸ್ತೆ ಮೆಡಿಕಲ್ ಶಾಪಿಗೆ ಹೋದಾಗ ಡಬ್ಬಿ ತೋರಿಸಿ ಕೇಳಿದೆ, ಅಲ್ಲಿರೋ ಫಾರ್ಮಸಿಸ್ಟ್ ಹುಡುಗ ಲೇಬಲ್ ಓದಿದ ತಕ್ಷಣ "ಅಜ್ಜಂಗೆ ಕೊಡ್ಲೇಬೇಡಿ ಅಕ್ಕ, ಡಾಕ್ಟ್ರಿಗೆ ತೋರಿಸದೆ ಒಂದ್ ಕ್ಯಾಪ್ಸೂಲೂ ಕೊಡ್ಬೇಡಿ" ಅಂದ. ಅವನು ಹೇಳಿದ್ದು ಸರಿನೇ. ನ್ಯೂಜಿಲೆಂಡಲ್ಲಿ ವಾರ್ಫರಿನ್ ಸರಿಯಾಗಿ ಹೊಂದ್ಕೊಂಡಿದ್ದ ಒಬ್ರು ಅರಿಶಿನದ ಸಪ್ಲಿಮೆಂಟ್ ಶುರು ಮಾಡಿ ಐಎನ್‌ಆರ್ 10 ದಾಟಿತ್ತು ಅಂತ ಅಲ್ಲಿನ ಔಷಧ ಇಲಾಖೆ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಸಾಮಾನ್ಯವಾಗಿ 2ರಿಂದ 3ರ ಒಳಗೆ, ಕೆಲವು ವಾಲ್ವ್‌ಗೆ ಸ್ವಲ್ಪ ಮೇಲೆ ಇಡ್ತಾರೆ, 10 ಅಂದ್ರೆ ಎಲ್ಲಿ ಬೇಕಾದ್ರೂ ರಕ್ತ ಸೋರಬಹುದು. ಆಸ್ಪಿರಿನ್, ಕ್ಲೋಪಿಡೊಗ್ರೆಲ್ ತರದ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರೂ ಮೊದಲು ಡಾಕ್ಟ್ರನ್ನ ಕೇಳ್ಲೇಬೇಕು. ಆಪರೇಷನ್ ಡೇಟ್ ಫಿಕ್ಸ್ ಆಗಿದ್ರೆ ಇಂತದ್ದೇನೇ ತಗೊಳ್ತಿದ್ರೂ ಡಾಕ್ಟ್ರಿಗೆ ಹೇಳಿ, ಸಾಮಾನ್ಯವಾಗಿ ಎರಡು ವಾರ ಮುಂಚೆನೇ ನಿಲ್ಲಿಸ್ತಾರೆ. ಕೀಮೋ, ರೇಡಿಯೇಷನ್ ನಡೀತಿರೋರಿಗೆ ಅಂತೂ ಇದು ಬೇಡವೇ ಬೇಡ, ಎಷ್ಟೋ ಟ್ರೀಟ್ಮೆಂಟ್ ಕ್ಯಾನ್ಸರ್ ಕೋಶನ ಕೊಲ್ಲೋದೇ ಫ್ರೀ ರಾಡಿಕಲ್ ಹುಟ್ಟಿಸಿ, ನಾವು ಮನೇಲಿ ಕೂತು ಅದಕ್ಕೇ ಅಡ್ಡಗಾಲು ಹಾಕೋದಾ. ಆದ್ರೂ ಇವರು ಹುಡುಕ್ಕೊಂಡು ಹೋಗೋದೇ ಕ್ಯಾನ್ಸರ್ ಇರೋ ಮನೆಗೆ, ಅದು ನಂಗೆ ಸಿಟ್ಟು ಬರೋ ವಿಷಯ. ರಕ್ತಹೀನತೆ ಇರೋ ಹೆಣ್ಮಕ್ಕಳೂ ಗಮನಿಸಿ, ಕಾಫಿ ಟೀ ಅರಿಶಿನದಲ್ಲಿರೋ ಪಾಲಿಫೀನಾಲ್ ಅನ್ನೋ ವಸ್ತುಗಳು ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹಿಡಿಯದಂಗೆ ಮಾಡತ್ವೆ, ಕಬ್ಬಿಣದ ಮಾತ್ರೆ ಜೊತೆಗೆ ಇದನ್ನ ನುಂಗಿದ್ರೆ ಮಾತ್ರೆ ದುಡ್ಡೂ ದಂಡ. ಬಸುರಿ ಬಾಣಂತಿಯರಿಗೆ ಡಾಕ್ಟ್ರು ಹೇಳದೆ ಇಂತ ಯಾವ ಸಾರದ ಮಾತ್ರೆನೂ ಕೊಡ್ಬೇಡಿ.

ತಗೊಳ್ಳೋರು ಏನ್ ನೋಡ್ಕೋಬೇಕು ಅಂದ್ರೆ ಮೂತ್ರ ಗಾಢ ಹಳದಿ ಆಗೋದು, ಮೈ ತುರಿಕೆ, ಊಟ ಸೇರದಿರೋದು, ಕಣ್ಣು ಹಳದಿ, ಇಷ್ಟರಲ್ಲಿ ಒಂದು ಕಂಡ್ರೂ ನಿಲ್ಲಿಸಿ ಲಿವರ್ ಟೆಸ್ಟ್ ಮಾಡ್ಸಿ, ಸಾಮಾನ್ಯವಾಗಿ ಶುರು ಮಾಡಿ ಒಂದರಿಂದ ಮೂರು ತಿಂಗಳಲ್ಲಿ ಇದು ಕಾಣ್ಸೋದು. "ಅದು ಟಾಕ್ಸಿನ್ ಹೊರಗೆ ಹೋಗೋ ಲಕ್ಷಣ ಮೇಡಂ, ಮುಂದುವರಿಸಿ" ಅಂತ ಹೇಳೋರು ಇದಾರೆ, ಆ ಮಾತು ಕೇಳಿ ಕೂರ್ಬೇಡಿ ಮಾರಾಯ್ರೆ. ಹೆಚ್ಚಿನೋರಿಗೆ ನಿಲ್ಲಿಸಿದ್ರೆ ಸರಿ ಹೋಗತ್ತೆ.

ಒಳ್ಳೇದು ಏನೂ ಇಲ್ವಾ ಅಂದ್ರೆ, ಇದೆ, ಆದ್ರೆ ಅಷ್ಟು ಇಷ್ಟು ಅಂತ ಅಳೆದಷ್ಟೇ. ವಯಸ್ಸಾದೋರ ಕಣ್ಣಿನ ಮ್ಯಾಕುಲಾ, ಅಂದ್ರೆ ಒಳಪರದೆಯ ನಡುಭಾಗ, ಸವೆಯೋ ಕಾಯಿಲೆಗೆ ಒಂದು ನಿರ್ದಿಷ್ಟ ಆಂಟಿಆಕ್ಸಿಡೆಂಟ್ ಮಿಶ್ರಣ ಕೊಟ್ರೆ, ಮಧ್ಯಮ ಹಂತದಲ್ಲಿರೋರಿಗೆ ಅದು ಕೊನೇ ಹಂತಕ್ಕೆ ಹೋಗೋ ಅಪಾಯ 25 ಪರ್ಸೆಂಟ್ ಕಡಿಮೆ ಆಯ್ತು ಅಂತ ಅಮೆರಿಕದ ಏರೆಡ್ಸ್ ಪರೀಕ್ಷೆ 2001ರಲ್ಲಿ ತೋರಿಸ್ತು. 2013ರಲ್ಲಿ ಅದರ ಎರಡನೇ ಸುತ್ತಲ್ಲಿ ಬೀಟಾ ಕ್ಯಾರೋಟಿನ್ ಕಿತ್ತಾಕಿ ಗಿಡಮೂಲದ ಲ್ಯೂಟಿನ್ 10 ಮಿಗ್ರಾಂ, ಜಿಯಾಕ್ಸಾಂಥಿನ್ 2 ಮಿಗ್ರಾಂ ಹಾಕಿದ್ರು, ಸಿಗರೇಟ್ ಸೇದೋರ ಆ ಕಥೆ ಗೊತ್ತಿತ್ತಲ್ಲ. ಇದು ಕಣ್ಣಿನ ಡಾಕ್ಟ್ರು ಪರೀಕ್ಷೆ ಮಾಡಿ ಬರ್ಕೊಡೋ ಮಾತು, ಕಣ್ಣು ಚೆನ್ನಾಗಿರೋರಿಗೆ ಅಲ್ಲ. ಮಂಡಿ ಸವೆತದ ನೋವಿಗೆ ಕರ್ಕ್ಯುಮಿನ್ ಸ್ವಲ್ಪ ಆರಾಮ ಕೊಡತ್ತೆ ಅಂತ ಸಣ್ಣ ಸಣ್ಣ ಸ್ಟಡಿಗಳು ಹೇಳತ್ವೆ, ದೊಡ್ಡದಾಗಿ ಇನ್ನೂ ಗಟ್ಟಿಯಾಗಿಲ್ಲ. ಬಿಪಿ ಶುಗರ್ ಯಾವ ಮಾತ್ರೆನೂ ಇಲ್ದೋರು, ಲಿವರ್ ಚೆನ್ನಾಗಿರೋರು, ಡಾಕ್ಟ್ರನ್ನ ಕೇಳಿ ಮಂಡಿ ನೋವಿಗೆ ಅಂತ ಕೆಲವು ವಾರ ಕರ್ಕ್ಯುಮಿನ್ ಟ್ರೈ ಮಾಡಿದ್ರೆ ನಂದೇನೂ ತಕರಾರಿಲ್ಲ, ಆದ್ರೆ ಅದಕ್ಕೆ ಈ ಆರು ಬೆರಕೆ ಡಬ್ಬಿ ಬೇಡ, ಎಷ್ಟು ಮಿಗ್ರಾಂ ಅಂತ ಬರೆದಿರೋ ಒಂಟಿ ಡಬ್ಬಿ ಇದಕ್ಕಿಂತ ಕಡಿಮೆಗೆ ಸಿಗತ್ತೆ.

ಈ ಡಬ್ಬಿಗೆ ನಾನು ಮಾರ್ಕ್ಸ್ ಕಟ್ ಮಾಡಿರೋದು ಮುಖ್ಯವಾಗಿ ಲೇಬಲ್ಲಿಗೇನೇ. "ಹರ್ಬಲ್ ಬ್ಲೆಂಡ್ 650 ಮಿಗ್ರಾಂ" ಅಂತ ಒಟ್ಟು ಬರೆದು ಯಾವ್ದು ಎಷ್ಟು ಅನ್ನೋದನ್ನ ಮುಚ್ಚಿಟ್ಟಿದಾರೆ. ಇಜಿಸಿಜಿ 50 ಇದ್ಯೋ 300 ಇದ್ಯೋ, ಪೈಪರಿನ್ 1 ಇದ್ಯೋ 10 ಇದ್ಯೋ, ಕೆಫೀನ್ ಎಷ್ಟು, ಒಂದೂ ಗೊತ್ತಾಗಲ್ಲ. ಇಷ್ಟು ಹೊತ್ತು ನಾನು ಹೇಳಿದ ಲಾಭ ನಷ್ಟ ಎರಡೂ ನಿಂತಿರೋದು ಪ್ರಮಾಣದ ಮೇಲೆ, ಅದನ್ನೇ ಹೇಳ್ದಿದ್ರೆ ಡಾಕ್ಟ್ರಾದ್ರೂ ಏನಂತ ಹೇಳೋದು. ಅದರ ಕೆಳಗೆ ಸಣ್ಣಕ್ಷರದಲ್ಲಿ "ಔಷಧೀಯ ಬಳಕೆಗಲ್ಲ" ಅಂತಿದೆ, 2016ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಹೆಲ್ತ್ ಸಪ್ಲಿಮೆಂಟ್ ಮೇಲೆ ಅದು ಇರ್ಲೇಬೇಕು. ಸ್ಟೇಜಲ್ಲಿ ಮಾತ್ರ ಶುಗರ್ ವಾಸಿ, ಸ್ಟೋನ್ ವಾಸಿ, ಕ್ಯಾನ್ಸರ್ ನಾಲ್ಕನೇ ಸ್ಟೇಜಿಂದ ವಾಪಸ್. ಶುಗರ್, ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದು 1954ರ ಕಾಯ್ದೆ ಪ್ರಕಾರವೇ ಅಪರಾಧ, ಅದಕ್ಕೇ ಇವರು ಅದನ್ನ ಪ್ರಿಂಟ್ ಮಾಡಲ್ಲ, ಮೈಕಲ್ಲಿ ಹೇಳ್ತಾರೆ. ಎಫ್ಎಸ್ಎಸ್ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ್ದು, 14 ಅಂಕಿ ಲೈಸೆನ್ಸ್ ನಂಬರ್ ಇದೆ, ಫುಡ್ ಸೇಫ್ಟಿ ಕನೆಕ್ಟ್ ಆ್ಯಪಲ್ಲಿ ಹಾಕಿ ನೋಡ್ದೆ, ಚಾಲ್ತಿಲಿದೆ. ಆದ್ರೆ ಅದು ಆಹಾರದ ವ್ಯಾಪಾರಕ್ಕೆ ಕೊಟ್ಟ ಲೈಸೆನ್ಸ್, ಡಬ್ಬಿಲಿರೋದು ಕೆಲಸ ಮಾಡತ್ತೆ ಅಂತ ಕೊಟ್ಟ ಸರ್ಟಿಫಿಕೇಟ್ ಅಲ್ಲ, ಅದನ್ನ ಜನಕ್ಕೆ ತೋರಿಸಿ "ಗೌರ್ಮೆಂಟ್ ಅಪ್ರೂವ್ಡ್" ಅನ್ನೋದು ಮೋಸ.

ದುಡ್ಡಿನ ಲೆಕ್ಕ ಹೇಳ್ಬಿಡ್ತೀನಿ. 1,890 ರೂಪಾಯಿಗೆ ಸಂತೇಲಿ ನೆಲ್ಲಿಕಾಯಿ, ನುಗ್ಗೆಸೊಪ್ಪು, ಸೀಬೆಹಣ್ಣು, ಬೀಟ್ರೂಟ್, ಕಾಲಕ್ಕೆ ಸರಿಯಾಗಿ ನೇರಳೆ, ಒಂದು ಮನೆಗೆ ತಿಂಗಳಿಗೆ ಆಗುವಷ್ಟು ಬರತ್ತೆ. ನೆಲ್ಲಿಕಾಯಿ ಚಟ್ನಿ ಅನ್ನದ ಜೊತೆ ತಿಂದ್ರೆ ಅದರ ವಿಟಮಿನ್ ಸಿ ಸೊಪ್ಪಿನ ಕಬ್ಬಿಣನ ಮೈಗೆ ಹಿಡಿಸತ್ತೆ, ಕ್ಯಾಪ್ಸೂಲಿನ ಟೀ ಸಾರ ಮಾಡೋದಕ್ಕೆ ಪೂರ್ತಿ ಉಲ್ಟಾ. ನಮ್ಮತ್ತೆ ಉಪ್ಪು ನೀರಲ್ಲಿ ಹಾಕಿಟ್ಟಿರೋ ಬೆಟ್ಟದ ನೆಲ್ಲಿಕಾಯಿ ಜಾಡಿ ನೋಡಿ ಓರಗಿತ್ತಿಗೆ ಹೇಳಿದೆ, ಇದರ ರಸದಲ್ಲೂ ನಿಮ್ಮ ಟೈ ಸಾರ್ ಲೋಟದ ಬಣ್ಣ ಹೋಗತ್ತೆ ಅಂತ. "ಅಕ್ಕಾ ನೀವು ನೆಗೆಟಿವ್" ಅಂದ್ಲು. ಅವಳ ಮೇಲೆ ಸಿಟ್ಟಿಲ್ಲ, ಅವಳ ಕೈಲಿ ಹನ್ನೆರಡು ಡಬ್ಬಿ ಸ್ಟಾಕ್ ಹಾಕ್ಸಿದಾರೆ, ಕೆಳಗೆ ನಾಕು ಜನ ಸೇರಿಸ್ಬೇಕಂತೆ. ಜನ ಸೇರಿಸಿದ್ದಕ್ಕೇ ಕಮಿಷನ್ ಕೊಡೋ ಪಿರಮಿಡ್ ಸ್ಕೀಮ್ ನಡೆಸಂಗಿಲ್ಲ, ಸೇರೋಕೆ ಫೀಸ್ ತಗೊಳಂಗಿಲ್ಲ ಅಂತ ಕೇಂದ್ರ ಸರ್ಕಾರ 2021ರ ಡಿಸೆಂಬರಲ್ಲಿ ಡೈರೆಕ್ಟ್ ಸೆಲ್ಲಿಂಗ್ ನಿಯಮ ತಂದಿದೆ, ಸಾಮಾನು ವಾಪಸ್ ಮಾಡಿ ದುಡ್ಡು ಕೇಳೋ ಅವಕಾಶನೂ ಅದರಲ್ಲಿದೆ. ಅದನ್ನ ಫೋನಲ್ಲಿ ಓದಿ ಹೇಳಿದ್ಮೇಲೆನೇ ಅವರ ಕಸ್ಟಮರ್ ಕೇರ್ ದಾರಿಗೆ ಬಂದಿದ್ದು.

ಎರಡು ಸ್ಟಾರ್ ಯಾಕೆ ಅಂದ್ರೆ ಒಂದು ಪ್ಯಾಕಿಂಗಿಗೆ ಮತ್ತು ಚಾಲ್ತಿಲಿರೋ ಲೈಸೆನ್ಸಿಗೆ, ಇನ್ನೊಂದು ಮಾವನೋರಿಗೆ ಅಂತ ತಂದಿದ್ದ ಒಡೆಯದ ಡಬ್ಬಿದು ದುಡ್ಡು ಕೊನೆಗೂ ಅಕೌಂಟಿಗೆ ಹಾಕಿದ್ದಕ್ಕೆ. ಕೊರಿಯರ್ ಚಾರ್ಜ್ 90 ರೂಪಾಯಿ ಮುರ್ಕೊಂಡಿದಾರೆ.